ಎಂಜಿನ್ ಬಿಚ್ಚುವವರ ಸಾಹಿತ್ಯ

ಕಥೆ, ಕವಿತೆ, ಕಾದಂಬರಿಗಳ ಬಗ್ಗೆ ವಿಮರ್ಶೆ ಬರೆಯುವುದು ನಮ್ಮಲ್ಲಿ ವಾಡಿಕೆ. ಕಾರಿನ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಸುವ ಕೈಪಿಡಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಅದನ್ನು ಪುಸ್ತಕವೆಂದು ಎಣಿಸುವವರೇ ಕಡಿಮೆ. ಆದರೆ ಕೆಲವು ತಿಂಗಳುಗಳಿಂದ ನಾನು ಓದುತ್ತಿರುವುದು ಅಂಥ ಪುಸ್ತಕಗಳನ್ನೇ. ಅವುಗಳಲ್ಲಿ ಮುಖ್ಯವಾದುದು ವೇಯ್ನ್ ಡೆಂಪ್ಸಿ ಎಂಬ ಅಮೆರಿಕನ್ ಬರೆದು 2003ರಲ್ಲಿ ಪ್ರಕಟವಾದ 'ಹೌ ಟು ರೀಬಿಲ್ಡ್ ಅಂಡ್ ಮಾಡಿಫೈ ಪೋರ್ಷೆ 911 ಎಂಜಿನ್ಸ್'. 1965ರಿಂದ 1989ರವರೆಗಿನ ಪೋರ್ಷೆ 911 ಕಾರಿನ ಎಂಜಿನ್ನನ್ನು ಇಳಿಸಿ, ಬಿಚ್ಚಿ, ಸವೆದುದನ್ನು ಬದಲಿಸಿ, ಬೇಕಿದ್ದರೆ ಮೊದಲಿಗಿಂತ ಬಲಶಾಲಿಯಾಗಿ ಮಾಡಿ ಮತ್ತೆ ಕೂರಿಸುವುದು ಹೇಗೆ ಎಂಬುದೇ ಅದರ ವಸ್ತು. ಮನೆಯ ಗ್ಯಾರೇಜಿನಲ್ಲಿ ಸಾಮಾನ್ಯನೊಬ್ಬ ಈ ಕೆಲಸ ಮಾಡಬಲ್ಲ ಎಂಬ ನಂಬಿಕೆ ಅದರ ಹಿಂದಿದೆ. ನನ್ನ ಬಳಿ ಅಂಥ ಕಾರಿಲ್ಲ, ಬರುವ ಸಂಭವವೂ ಇಲ್ಲ. ಓದಲು ಕಾರಣ ಬೇರೆ. ನಾನು ಬೆಳೆದ ಮನೆಯಲ್ಲಿ ಎಂಜಿನ್ ಬಿಚ್ಚುವುದು ಹೊಟ್ಟೆಪಾಡಾಗಿತ್ತು. ಅದೇ ಕೆಲಸ ಬೇರೊಂದು ದೇಶದಲ್ಲಿ ಪುಸ್ತಕವಾದಾಗ ಏನಾಗುತ್ತದೆ ಎಂದು ತಿಳಿಯುವ ಕುತೂಹಲ ನನಗಿತ್ತು.

ಮೊದಲು ಆ ಎಂಜಿನ್ನಿನ ಬಗ್ಗೆ ಒಂದೆರಡು ಮಾತು. ನಾವು ಕಾಣುವ ಬಹುಪಾಲು ಕಾರುಗಳಲ್ಲಿ ಎಂಜಿನ್ನನ್ನು ತಣ್ಣಗಿಡುವುದು ರೇಡಿಯೇಟರಿನ ನೀರು. ಪೋರ್ಷೆ 911ರಲ್ಲಿ ನೀರಿಲ್ಲ. ನಮ್ಮ ಬುಲೆಟ್, ಯೆಜ್ಡಿ ಬೈಕುಗಳಂತೆ ಅದೂ ಗಾಳಿಯಿಂದ ತಣಿಯುವ ಎಂಜಿನ್. ಆರು ಸಿಲಿಂಡರುಗಳು ಆ ಕಡೆ ಮೂರು, ಈ ಕಡೆ ಮೂರರಂತೆ ಅಡ್ಡ ಮಲಗಿರುತ್ತವೆ. ಬೆಲ್ಟಿನಿಂದ ತಿರುಗುವ ದೊಡ್ಡ ಫ್ಯಾನು ಅವುಗಳ ರೆಕ್ಕೆಗಳ ಮೇಲೆ ಗಾಳಿ ಊದುತ್ತದೆ. ಗಾಳಿಯಷ್ಟೇ ಕೆಲಸವನ್ನು ಆಯಿಲ್ಲೂ ಮಾಡುತ್ತದೆ. ಅದಕ್ಕೆ ಬೇರೆಯದೇ ಟ್ಯಾಂಕು, ಬೇರೆಯದೇ ಕೂಲರು. 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಈ ಕಾರು 901 ಎಂಬ ಹೆಸರಲ್ಲಿ ಬಂತು. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳು ತನ್ನವೆಂದು ಫ್ರಾನ್ಸಿನ ಪೆಜೋ ಕಂಪನಿ ತಕರಾರು ತೆಗೆದದ್ದರಿಂದ 1964ರಲ್ಲಿ 911 ಆಯಿತು. ಆಗ ಎಂಜಿನ್ 1991 ಸಿಸಿಯದು, ಶಕ್ತಿ 130 ಅಶ್ವಬಲ. ಮುಂದಿನ ಮೂರು ದಶಕಗಳಲ್ಲಿ ಅದೇ ಮೂಲ ವಿನ್ಯಾಸ 3.8 ಲೀಟರಿನವರೆಗೆ ಬೆಳೆಯಿತು. ಹೊಗೆ ಮತ್ತು ಸದ್ದಿನ ಕಾನೂನುಗಳು ಬಿಗಿಯಾದಂತೆ ಗಾಳಿಯ ಕಾಲ ಮುಗಿದು, 1998ರಲ್ಲಿ ಕೊನೆಯ ಗಾಳಿ ತಣಿಸುವ 911 ತಯಾರಾಯಿತು. ಇಂದು ಆ ಹಳೆಯ ಕಾರುಗಳಿಗೆ ಇರುವ ಬೆಲೆ ಹೊಸತಾಗಿದ್ದಾಗಲೂ ಇರಲಿಲ್ಲ.

ಡೆಂಪ್ಸಿಯ ಪುಸ್ತಕವನ್ನು ಕಥೆಗಾರನಾಗಿ ಓದಿದರೆ ಮೊದಲು ಕಾಣುವುದು ಅದರ ಕ್ರಮ. ಎಂಜಿನ್ ನಿಜವಾಗಿಯೂ ಕೆಟ್ಟಿದೆಯೇ ಎಂಬ ಪ್ರಶ್ನೆ ಮೊದಲು. ಬಿಚ್ಚುವುದು ಆಮೇಲೆ. ಬಿಚ್ಚಿದ ಮೇಲೆ ತೊಳೆಯುವುದು, ಅಳೆಯುವುದು, ಯಾವುದನ್ನು ಉಳಿಸಬೇಕು ಯಾವುದನ್ನು ಎಸೆಯಬೇಕು ಎಂದು ತೀರ್ಮಾನಿಸುವುದು. ಜೋಡಣೆ ಕೊನೆಗೆ. ಜೋಡಣೆಯಲ್ಲಿ ಹಿಂದುಮುಂದಾಗಲು ಅವಕಾಶವಿಲ್ಲ. ಈ ಎಂಜಿನ್ನಿನ ಹೊಟ್ಟೆ, ಅಂದರೆ ಕ್ರ್ಯಾಂಕ್‌ಕೇಸು, ಎರಡು ಹೋಳಾಗಿದೆ. ಹೋಳುಗಳ ನಡುವೆ ಗ್ಯಾಸ್ಕೆಟ್ ಇಲ್ಲ, ತೆಳುವಾಗಿ ಬಳಿದ ಸೀಲಂಟು ಮಾತ್ರ. ಬಳಿದ ಮೇಲೆ ಅದು ಗಟ್ಟಿಯಾಗುವುದರೊಳಗೆ ಹೋಳುಗಳನ್ನು ಕೂಡಿಸಿ, ಬೋಲ್ಟುಗಳನ್ನು ಹೇಳಿದ ಕ್ರಮದಲ್ಲಿ, ಹೇಳಿದ ಬಿಗಿಗೆ ತಿರುಗಿಸಿ ಮುಗಿಸಬೇಕು. ಒಳಗೆ ಒಂದು ಬೇರಿಂಗ್ ತಪ್ಪಿ ಕೂತಿದ್ದರೆ ಮತ್ತೆ ಎಲ್ಲವನ್ನೂ ಬಿಚ್ಚಬೇಕು. ವಾಲ್ವಿನ ಸಂದು 0.1 ಮಿಲಿಮೀಟರ್ ಇರಬೇಕು, ಅದನ್ನು ಎಂಜಿನ್ ತಣ್ಣಗಿದ್ದಾಗಲೇ ನೋಡಬೇಕು. ಕ್ಯಾಮ್‌ಶಾಫ್ಟಿನ ಟೈಮಿಂಗನ್ನು ಡಯಲ್ ಗೇಜ್ ಇಟ್ಟು ಹಿಡಿಯಬೇಕು, ಕಣ್ಣಳತೆ ಸಾಲದು. ಇಂಥ ಬರವಣಿಗೆಯಲ್ಲಿ 'ಸುಮಾರು' ಎಂಬ ಪದಕ್ಕೆ ಜಾಗವಿಲ್ಲ. ಕವಿಗೆ, ಕಥೆಗಾರನಿಗೆ, ಅದಕ್ಕಿಂತ ಹೆಚ್ಚಾಗಿ ಭಾಷಣಕಾರನಿಗೆ ಸಿಗುವ ಸಲಿಗೆ ಇಲ್ಲಿ ಲೇಖಕನಿಗಿಲ್ಲ. ವಾಕ್ಯ ತಪ್ಪಾದರೆ ಓದುಗನ ಎಂಜಿನ್ ಒಡೆಯುತ್ತದೆ.

ಇದನ್ನು ಓದುವಾಗ ನನ್ನ ಮಾಮು ನೆನಪಾದರು. ತೊಂಬತ್ತರ ದಶಕದ ಆರಂಭದಲ್ಲಿ ನಾನು ಶಾಲೆ ಬಿಟ್ಟೊಡನೆ ಅವರ ಗ್ಯಾರೇಜಿಗೆ ಹೋಗುತ್ತಿದ್ದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕುಗಳು ಆಗ ನಮ್ಮೂರಿನ ರಸ್ತೆಗಳಲ್ಲಿ ತುಂಬಿದ್ದವು. ಒಂದು ಸಂಜೆ ಗಿರಾಕಿಯೊಬ್ಬರ ಯೆಜ್ಡಿಗೆ ಹೊಸ ಪಿಸ್ಟನ್ ಹಾಕುವ ಕೆಲಸದಲ್ಲಿ ಪಿನ್ನಿನ ಲಾಕುಗಳನ್ನು ಕೂರಿಸಲು ನನಗೆ ಹೇಳಿದರು. ಉಗುರಿನಗಲದ ತಂತಿಯ ಉಂಗುರ ಅದು. ಗಾಡಿಯಲ್ಲಿ ಕೂರದೆ ಹೊರಬಂದರೆ ಬೋರಿನ ಗೋಡೆಯನ್ನೇ ಗೀರಿ ಹಾಕುತ್ತದೆ. ಬೋರ್ ಇಳಿಸಿ, ಹೆಡ್ ಟೈಟ್ ಮಾಡಿ, ಕೈ ತೊಳೆಯಲು ಹೊರಟಾಗ ಮಾಮು ಕೇಳಿದರು: "ಲಾಕ್ ಕೂತಿತ್ತೇನೋ?" ನಾನು "ಕೂತಿರಬೇಕು ಮಾಮು" ಅಂದೆ. ಅವರು ಬೈಯಲಿಲ್ಲ. ಪಾನ ಎತ್ತಿಕೊಂಡು ಹೆಡ್ಡಿನ ನಟ್ಟಿಗೆ ಹಾಕಿದರು. "ಕೂತಿದೆ ಅಂದಿದ್ರೆ ಬಿಡ್ತಿದ್ದೆ. ಕೂತಿರಬೇಕು ಅಂದ್ರೆ ಬಿಚ್ಚಲೇಬೇಕು. ಗಿರಾಕಿ ರಾತ್ರಿ ರಸ್ತೇಲಿ ನಿಂತ್ರೆ ನೀನು ಹೋಗ್ತೀಯಾ?" ಬಿಚ್ಚಿ ನೋಡಿದರೆ ಲಾಕು ಸರಿಯಾಗಿಯೇ ಕೂತಿತ್ತು. ಮಾಮುಗೆ ಅದರಿಂದ ಬೇಸರವಾಗಲಿಲ್ಲ. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೆ 'ಇದೆ' ಮತ್ತು 'ಇರಬೇಕು' ನಡುವಿನ ವ್ಯತ್ಯಾಸವನ್ನು ನನಗೆ ವ್ಯಾಕರಣದ ಮೇಷ್ಟ್ರಿಗಿಂತ ಮೊದಲು ಕಲಿಸಿದವರು ಅವರು.

ಡೆಂಪ್ಸಿಯ ಪುಸ್ತಕಕ್ಕೆ ಒಂದು ವಂಶಾವಳಿಯಿದೆ. ಅದನ್ನು ನೋಡದೆ ಅದರ ಬೆಲೆ ಕಟ್ಟಲಾಗದು. 1969ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಿಂದ ಜಾನ್ ಮ್ಯೂರ್ ಎಂಬವರು ಫೋಕ್ಸ್‌ವ್ಯಾಗನ್ ಕಾರನ್ನು ಜೀವಂತ ಇಟ್ಟುಕೊಳ್ಳುವುದು ಹೇಗೆ ಎಂಬ ಪುಸ್ತಕ ತಂದರು. ಅದರ ಉಪಶೀರ್ಷಿಕೆ ಇದು ಪೂರ್ತಿ ದಡ್ಡರಿಗಾಗಿ ಬರೆದದ್ದು ಎಂದು ಸಾರುತ್ತಿತ್ತು. ಎಂಜಿನಿಯರ್ ಕೆಲಸ ಬಿಟ್ಟು ಬಂದಿದ್ದ ಮ್ಯೂರ್ ಪಕ್ಕದಲ್ಲಿ ಕೂತು ಮಾತಾಡುವ ಗೆಳೆಯನಂತೆ ಬರೆದರು. ಪೀಟರ್ ಆಶ್ವಾಂಡನ್ ಬರೆದ ಚಿತ್ರಗಳು ಆ ಮಾತುಗಳಷ್ಟೇ ಪ್ರೀತಿಯವು. ಪುಸ್ತಕ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಬೀಟಲ್ ಎಂಜಿನ್ನೂ ಗಾಳಿಯಿಂದಲೇ ತಣಿಯುವಂಥದ್ದು. ನಾಲ್ಕು ಬೋಲ್ಟು ಬಿಚ್ಚಿದರೆ ಕೆಳಗಿಳಿಯುತ್ತದೆ. ಪೋರ್ಷೆಯ ಮೊದಲ ಕಾರಾದ 356 ಹುಟ್ಟಿದ್ದು ಈ ಬೀಟಲಿನ ಭಾಗಗಳಿಂದಲೇ. ಹೀಗಾಗಿ ಬಡವನ ಬೀಟಲ್ಲು ಶ್ರೀಮಂತನ ಪೋರ್ಷೆಗೆ ಹತ್ತಿರದ ನೆಂಟ. ಮ್ಯೂರ್ ಬರೆದದ್ದು ಹಳೆಯ ಬೀಟಲ್ಲಿಟ್ಟುಕೊಂಡು, ಗ್ಯಾರೇಜಿಗೆ ಕೊಡಲು ಕಾಸಿಲ್ಲದೆ, ರಸ್ತೆ ಬದಿಯಲ್ಲಿ ನಿಂತ ಯುವಕ ಯುವತಿಯರಿಗೆ. ಅವರ ಓದುಗರು ಎಂಜಿನ್ ಬಿಚ್ಚುತ್ತಿದ್ದುದು ಬೇರೆ ದಾರಿಯಿಲ್ಲದೆ.

ಐದು ವರ್ಷಗಳ ನಂತರ, 1974ರಲ್ಲಿ, ರಾಬರ್ಟ್ ಪಿರ್ಸಿಗ್ ಅವರ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್' ಬಂತು. ಇದನ್ನು ನಮ್ಮಲ್ಲಿ ತತ್ವಶಾಸ್ತ್ರದ ಪುಸ್ತಕವೆಂದು ಓದಿದವರಿದ್ದಾರೆ. ಆದರೆ ಅದರ ಅತ್ಯುತ್ತಮ ಪುಟಗಳು ತತ್ವಶಾಸ್ತ್ರದವಲ್ಲ, ಸ್ಕ್ರೂವಿನವು. ತಲೆ ಸವೆದು ಎದ್ದುಬಾರದ ಒಂದು ಸ್ಕ್ರೂವಿನ ಮುಂದೆ ಮನುಷ್ಯ ಕೂತಾಗ, ಮೂರು ಕಾಸಿನ ಆ ವಸ್ತು ಇಡೀ ಬೈಕಿನಷ್ಟೇ ಬೆಲೆಯದಾಗುತ್ತದೆ ಎಂಬುದನ್ನು ಪಿರ್ಸಿಗ್ ತೋರಿಸುತ್ತಾರೆ. ಕೆಲಸ ಕೆಡುವುದು ಹತಾರದ ಕೊರತೆಯಿಂದಷ್ಟೇ ಅಲ್ಲ, ಅವಸರ, ಬೇಸರ, ಅಹಂಕಾರಗಳಿಂದಲೂ ಕೆಡುತ್ತದೆ ಎಂದು ಪಟ್ಟಿ ಮಾಡುತ್ತಾರೆ. ಅದನ್ನು ಓದಿದಾಗ ಹಿರಿಯರು ನಫ್ಸ್ ಬಗ್ಗೆ ಹೇಳುತ್ತಿದ್ದ ಮಾತುಗಳೇ ಗ್ರೀಸ್ ಮೆತ್ತಿಕೊಂಡು ಬಂದಂತೆ ನನಗನಿಸಿತು.

ಮೂರನೆಯವರು ಮ್ಯಾಥ್ಯೂ ಕ್ರಾಫರ್ಡ್. 2009ರ 'ಶಾಪ್ ಕ್ಲಾಸ್ ಆಸ್ ಸೋಲ್‌ಕ್ರಾಫ್ಟ್' ಪುಸ್ತಕದ ಈ ಲೇಖಕ ಷಿಕಾಗೊ ವಿಶ್ವವಿದ್ಯಾಲಯದಿಂದ ರಾಜಕೀಯ ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ವಾಷಿಂಗ್ಟನ್ನಿನ ಸಂಶೋಧನಾ ಸಂಸ್ಥೆಯೊಂದರ ಕೆಲಸವನ್ನು ಐದೇ ತಿಂಗಳಲ್ಲಿ ಬಿಟ್ಟು, ವರ್ಜೀನಿಯಾದ ರಿಚ್ಮಂಡಿನಲ್ಲಿ ಬೈಕ್ ರಿಪೇರಿ ಅಂಗಡಿ ತೆರೆದರು. ಹುಡುಗನಾಗಿದ್ದಾಗ ಹಳೆಯ ಫೋಕ್ಸ್‌ವ್ಯಾಗನ್ ಎಂಜಿನ್ ಜೊತೆ ಹೆಣಗಿದ್ದನ್ನು ಅವರು ಚೆನ್ನಾಗಿ ಬರೆಯುತ್ತಾರೆ. ಅವರ ತಂದೆ ಭೌತಶಾಸ್ತ್ರಜ್ಞ. ಶೂವಿನ ದಾರಕ್ಕೆ ಎಂಥ ಗಂಟು ಬಿದ್ದರೂ ಒಂದು ತುದಿ ಎಳೆದರೆ ಬಿಚ್ಚಿಕೊಳ್ಳಬೇಕು ಎಂದು ತಂದೆ ಹೇಳುತ್ತಿದ್ದರಂತೆ. ಸಿದ್ಧಾಂತದ ದಾರಕ್ಕೆ ಅದು ನಿಜ. ಒದ್ದೆಯಾದ, ಎಳೆ ಎದ್ದ, ನಿಜವಾದ ದಾರಕ್ಕೆ ಅಲ್ಲ. ನಿಂತುಹೋದ ಎಂಜಿನ್ನಿನ ಮುಂದೆ ತಂದೆಯ ಸಮೀಕರಣಗಳು ಮಗನ ಕೈ ಹಿಡಿಯಲಿಲ್ಲ. ಕೈ ಹಿಡಿದವನು ಆ ಬಗೆಯ ಎಂಜಿನ್ನುಗಳನ್ನು ನೂರಾರು ಸಲ ಬಿಚ್ಚಿದ್ದ ಒಬ್ಬ ಮೆಕ್ಯಾನಿಕ್. ಕೈಯ ಕೆಲಸದಲ್ಲಿ ಬುದ್ಧಿಯಿಲ್ಲ ಎಂಬ ನಂಬಿಕೆಯನ್ನು ಕ್ರಾಫರ್ಡ್ ಮುರಿಯುತ್ತಾರೆ. ಇಂಗ್ಲಿಷಿನಲ್ಲಿ ಈ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳಿದ ಪುಸ್ತಕಗಳು ಹೆಚ್ಚಿಲ್ಲ.

ಮ್ಯೂರರಿಂದ ಡೆಂಪ್ಸಿಯವರೆಗೆ ಬರುವಷ್ಟರಲ್ಲಿ ಒಂದು ಸಂಗತಿ ಬದಲಾಗಿದೆ. 2003ರ ಜುಲೈನಲ್ಲಿ ಮೆಕ್ಸಿಕೊದ ಪ್ಯೂಬ್ಲಾ ಕಾರ್ಖಾನೆಯಲ್ಲಿ ಕೊನೆಯ ಹಳೆಯ ಮಾದರಿಯ ಬೀಟಲ್ ತಯಾರಾಯಿತು. ಡೆಂಪ್ಸಿಯ ಪುಸ್ತಕ ಬಂದದ್ದೂ ಅದೇ ವರ್ಷ. ಬಡವನ ಗಾಳಿ ಎಂಜಿನ್ ಕಾರ್ಖಾನೆಯಿಂದ ಮರೆಯಾದ ಹೊತ್ತಿಗೆ ಶ್ರೀಮಂತನ ಗಾಳಿ ಎಂಜಿನ್ ಮನೆಯ ಗ್ಯಾರೇಜಿನಲ್ಲಿ ಆರಾಧನೆಯ ವಸ್ತುವಾಗಿತ್ತು. ಇಂದು ಸ್ವಂತ ಕೈಯಿಂದ ಮಾಡಿದರೂ 911ರ ಎಂಜಿನ್ ಪೂರ್ತಿ ಜೋಡಿಸುವ ಖರ್ಚು ಹತ್ತು ಸಾವಿರ ಡಾಲರ್ ದಾಟುವುದು ಸಾಮಾನ್ಯ. ಇಲ್ಲಿ ಕೈಕೆಲಸ ಅನಿವಾರ್ಯವಲ್ಲ, ಆಯ್ಕೆ. ಇದನ್ನು ದೋಷವೆಂದು ಹೇಳುತ್ತಿಲ್ಲ. ವಾರವಿಡೀ ಕಂಪ್ಯೂಟರ್ ಮುಂದೆ ಕೂರುವವನಿಗೆ ಶನಿವಾರ ಇಪ್ಪತ್ತನಾಲ್ಕು ಹೆಡ್ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿಯುವುದರಲ್ಲಿ ಸಿಗುವ ನೆಮ್ಮದಿ ನಿಜವಾದದ್ದೇ. ಅದನ್ನು ಹಂಗಿಸುವವರು ನಟ್ಟು ಬಿಗಿದವರಲ್ಲ. ಆದರೆ ಪುಸ್ತಕದ ಓದುಗ ಬದಲಾದಾಗ ಪುಸ್ತಕದ ಪ್ರಶ್ನೆಯೂ ಬದಲಾಗುತ್ತದೆ. ಮ್ಯೂರರ ಪ್ರಶ್ನೆ 'ಇದನ್ನು ಓಡಿಸುವುದು ಹೇಗೆ' ಎಂಬುದು. ಡೆಂಪ್ಸಿಯ ಪ್ರಶ್ನೆ 'ಇದನ್ನು ಇನ್ನೂ ಉತ್ತಮ ಮಾಡುವುದು ಹೇಗೆ' ಎಂಬುದು.

ಈ ಎರಡನೆಯ ಪ್ರಶ್ನೆಯಲ್ಲೇ ಪುಸ್ತಕದ ನಿಜವಾದ ಸತ್ವವಿದೆ. ಎಂಜಿನ್ನಿಗೆ ದೊಡ್ಡ ಪಿಸ್ಟನ್ನು, ದೊಡ್ಡ ಸಿಲಿಂಡರು ಹಾಕಬಹುದು. ಬೇರೆ ಕ್ಯಾಮ್‌ಶಾಫ್ಟ್ ಹಾಕಬಹುದು. ಒಂದೊಂದು ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್ ಕೊಟ್ಟು, ಬೆಂಕಿ ಬೇಗ ಹಬ್ಬುವಂತೆ ಮಾಡಿ, ಕಂಪ್ರೆಷನ್ ಏರಿಸಬಹುದು. ಇದೆಲ್ಲ ಕೇಳಲು ಚೆಂದ. ಆದರೆ ಹೀಗೆ ಏರಿಸಿದ ಬಲವನ್ನು ಹೊರುವುದು ಯಾವುದು? ಈ ಎಂಜಿನ್ನಿನ ಇತಿಹಾಸದಲ್ಲೇ ಇದಕ್ಕೆ ಕಹಿಯಾದ ಉದಾಹರಣೆಯಿದೆ. ಮೊದಲು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದಿದ್ದ ಕ್ರ್ಯಾಂಕ್‌ಕೇಸನ್ನು ತೂಕ ಇಳಿಸಲು 1968ರಿಂದ ಮೆಗ್ನೀಶಿಯಂನಲ್ಲಿ ಮಾಡಿದರು. ಎಂಜಿನ್ ಚಿಕ್ಕದಿದ್ದಷ್ಟು ದಿನ ನಡೆಯಿತು. 1973ರ ಕರೇರಾ ಆರ್‌ಎಸ್ ಕಾರಿಗಾಗಿ ಎಂಜಿನ್ನನ್ನು 2.7 ಲೀಟರಿಗೆ ಹಿಗ್ಗಿಸಿ 210 ಅಶ್ವಬಲ ಪಡೆದರು. 1974ರಿಂದ ಸಾಮಾನ್ಯ 911ಗೂ ಅದೇ ಗಾತ್ರ ಬಂತು. ಅಮೆರಿಕಕ್ಕೆ ಹೋದ ಕಾರುಗಳಿಗೆ ಹೊಗೆ ತಗ್ಗಿಸಲೆಂದು ಥರ್ಮಲ್ ರಿಯಾಕ್ಟರ್ ಸೇರಿಸಿದಾಗ ಶಾಖ ಇನ್ನಷ್ಟು ಹೆಚ್ಚಿತು. ಕಾದಾಗ ಹಿಗ್ಗುವ ಸಿಲಿಂಡರುಗಳು ಉಕ್ಕಿನ ಸ್ಟಡ್ಡುಗಳನ್ನು ಮೇಲಕ್ಕೆ ಜಗ್ಗಿದವು. ಸ್ಟಡ್ಡು ಗಟ್ಟಿಯಿತ್ತು, ಅದನ್ನು ಹಿಡಿದಿದ್ದ ಮೆಗ್ನೀಶಿಯಂ ಮೆತ್ತಗಿತ್ತು. ಮರೆ ಕಿತ್ತುಕೊಂಡು ಸ್ಟಡ್ಡುಗಳೇ ಎದ್ದುಬಂದವು. 1978ರ 911 ಎಸ್‌ಸಿ ಮಾದರಿಯಲ್ಲಿ ಕಂಪನಿ ಮತ್ತೆ ಅಲ್ಯೂಮಿನಿಯಂ ಕೇಸಿಗೆ ಮರಳಿತು. ಇಂದು 2.7ರ ಎಂಜಿನ್ ಬಿಚ್ಚುವವರು ಮೊದಲು ಮಾಡಿಸುವುದು ಆ ತೂತುಗಳಿಗೆ ಉಕ್ಕಿನ ಮರೆ ಕೂರಿಸುವ ಕೆಲಸ.

ಇದನ್ನು ಓದುವಾಗ ನನಗೆ ಹೊಳೆದ ಪದ ಇಸ್ಲಾಹ್. ಸಮಾಜದ ಸುಧಾರಣೆ ಎಂಬ ಅರ್ಥದಲ್ಲಿ ನಮ್ಮ ಸಭೆಗಳಲ್ಲಿ ಈ ಪದ ದಿನಾಲೂ ಕೇಳಿಬರುತ್ತದೆ. ಉರ್ದು ಕಾವ್ಯದಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ. ಶಾಗಿರ್ದ್ ಬರೆದ ಗಜಲನ್ನು ಉಸ್ತಾದ್ ತಿದ್ದಿಕೊಡುವುದಕ್ಕೂ ಇಸ್ಲಾಹ್ ಎನ್ನುತ್ತಾರೆ. ಗಾಲಿಬ್ ತಮ್ಮ ಶಿಷ್ಯ ಹರಗೋಪಾಲ್ ತಫ್ತಾರ ಕವಿತೆಗಳನ್ನು ಅಂಚೆಯ ಮೂಲಕ ತಿದ್ದುತ್ತಿದ್ದರು. ಎಳೆಯ ಇಕ್ಬಾಲ್ ತಮ್ಮ ರಚನೆಗಳನ್ನು ದಾಗ್ ದೆಹಲವಿಯವರಿಗೆ ಕಳಿಸಿ ತಿದ್ದಿಸಿಕೊಂಡರು. ಒಳ್ಳೆಯ ಉಸ್ತಾದ್ ಇಡೀ ಷೇರನ್ನು ಹೊಡೆದು ಹಾಕಿ ತನ್ನದನ್ನು ಬರೆಯುವುದಿಲ್ಲ. ಸಾಲಿನ ಭಾರ ಯಾವ ಪದದ ಮೇಲೆ ನಿಂತಿದೆ, ಯಾವುದು ಅದನ್ನು ಹೊರಲಾರದೆ ಕುಸಿದಿದೆ ಎಂದು ಕಂಡು ಅದೊಂದನ್ನು ಬದಲಿಸುತ್ತಾನೆ. ಷೇರು ಶಾಗಿರ್ದನದಾಗಿಯೇ ಉಳಿಯುತ್ತದೆ. ಡೆಂಪ್ಸಿ ಕಲಿಸುವುದು ಈ ಬಗೆಯ ಇಸ್ಲಾಹನ್ನು. 2.7ರ ಎಂಜಿನ್ನಿನಲ್ಲಿ ಆದದ್ದು ಅದರ ವಿರುದ್ಧ. ಮೇಲಿನ ಅಂತಸ್ತು ಏರಿಸಿದರು, ತಳಪಾಯ ಕೇಳಲಿಲ್ಲ. ಸಮುದಾಯದ ಸುಧಾರಣೆಯ ಹೆಸರಲ್ಲಿ ನಡೆದ ಎಷ್ಟೋ ಕೆಲಸಗಳಲ್ಲಿ ಕಿತ್ತುಬಂದದ್ದು ಇಂಥದೇ ಸ್ಟಡ್ಡುಗಳಲ್ಲವೇ?

ಇನ್ನೊಂದು ಬದಿಯೂ ಇದೆ. ಏನನ್ನೂ ಮುಟ್ಟಬಾರದು, ಎಲ್ಲವೂ ಮೂಲದಂತೆಯೇ ಇರಬೇಕು ಎನ್ನುವ ಪಂಥವೊಂದು ಈ ಹಳೆಯ ಕಾರುಗಳ ಲೋಕದಲ್ಲಿದೆ. ಕ್ರ್ಯಾಂಕ್‌ಕೇಸಿನ ಮೇಲೆ ಕೊರೆದ ಸಂಖ್ಯೆ ಕಾರಿನೊಂದಿಗೆ ಕಾರ್ಖಾನೆಯಿಂದಲೇ ಹೊರಬಂದದ್ದು ಎಂದು ಸಾಬೀತಾದರೆ ಬೆಲೆ ಏರುತ್ತದೆ. ಈ ಪಂಥಕ್ಕೆ ಉತ್ತರವೂ ಎಂಜಿನ್ನಿನೊಳಗೇ ಇದೆ. ಹಳೆಯ 911ಗಳಲ್ಲಿ ಕ್ಯಾಮ್‌ಶಾಫ್ಟ್ ತಿರುಗಿಸುವ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ದುರ್ಬಲವಾಗಿತ್ತು. ಅದು ಸೋತರೆ ಚೈನು ಹಾರಿ, ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ ಹಾಳಾಗುತ್ತಿತ್ತು. 1984ರ ಕರೇರಾದಲ್ಲಿ ಕಂಪನಿ ಆಯಿಲಿನ ಒತ್ತಡದಿಂದ ಕೆಲಸ ಮಾಡುವ ಹೊಸ ಟೆನ್ಷನರ್ ತಂದಿತು. ಹಳೆಯ ಎಂಜಿನ್ನುಗಳಿಗೂ ಅದನ್ನು ಕೂರಿಸಬಹುದು. ಮಾಡಿದವರೇ ತಮ್ಮ ತಪ್ಪನ್ನು ತಿದ್ದಿಕೊಂಡ ಮೇಲೆ, ಮೂಲನಿಷ್ಠೆಯ ಹೆಸರಲ್ಲಿ ಆ ತಪ್ಪನ್ನು ಕಾಪಾಡಿಕೊಳ್ಳುವವರು ಯಾವುದಕ್ಕೆ ನಿಷ್ಠರು? ಗತಕಾಲದ ಗೌರವವೆಂದರೆ ಅದರ ದೋಷಗಳ ಗೌರವವೇ ಎಂಬ ಪ್ರಶ್ನೆ ಫಿಕ್ಹಿನ ಚರ್ಚೆಗಳನ್ನು ಕೇಳಿ ಬೆಳೆದವರಿಗೆ ಹೊಸದಲ್ಲ. ಡೆಂಪ್ಸಿಯಂಥವರು ಅದಕ್ಕೆ ಯಾವ ಗದ್ದಲವಿಲ್ಲದೆ, ಒಂದು ಸ್ಪ್ಯಾನರಿನ ಅಳತೆ ಹೇಳಿ ಉತ್ತರ ಕೊಡುತ್ತಾರೆ.

ಹೀಗೆ ಇಷ್ಟೆಲ್ಲ ಕೊಡುವ ಈ ಸಾಹಿತ್ಯದ ಬಗ್ಗೆ ನನಗಿರುವ ತಕರಾರು ಎರಡು. ಮೊದಲನೆಯದು ನೆನಪಿಗೆ ಸಂಬಂಧಿಸಿದ್ದು. ಈ ಕಾರುಗಳ ಪ್ರೇಮಿಗಳು ಮೂಲದ ಬಗ್ಗೆ ಬಹಳ ಮಾತಾಡುತ್ತಾರೆ. ಯಾವ ವರ್ಷದ ಯಾವ ತಿಂಗಳಲ್ಲಿ ಯಾವ ಬೋಲ್ಟು ಬದಲಾಯಿತು ಎಂಬುದಕ್ಕೆ ಅವರಲ್ಲಿ ದಾಖಲೆಯಿದೆ. ಆದರೆ ಪೋರ್ಷೆ ಸಂಸ್ಥೆಯ ಮೂಲದಲ್ಲೇ ಒಂದು ಹೆಸರು ಬಿಟ್ಟುಹೋಗಿದೆ. 1931ರಲ್ಲಿ ಷ್ಟುಟ್‌ಗಾರ್ಟಿನಲ್ಲಿ ಸಂಸ್ಥೆ ಶುರುವಾದಾಗ ಪಾಲುದಾರರು ಮೂವರು. ಫರ್ಡಿನಂಡ್ ಪೋರ್ಷೆ, ಅವರ ಅಳಿಯ ಆಂಟನ್ ಪಿಯೆಕ್, ಹಾಗೂ ಹಣ ಹೂಡಿದ ರೇಸ್ ಚಾಲಕ ಅಡಾಲ್ಫ್ ರೋಸೆನ್‌ಬರ್ಗರ್. ರೋಸೆನ್‌ಬರ್ಗರ್ ಯಹೂದಿ. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ, 1935ರಲ್ಲಿ ಅವರ ಪಾಲು ಅದರ ನಿಜವಾದ ಬೆಲೆ ಸಿಗದೆ ಕೈತಪ್ಪಿತು. ಅದೇ ವರ್ಷ ಅವರನ್ನು ಬಂಧಿಸಿ ಕಿಸ್ಲಾವ್ ಶಿಬಿರದಲ್ಲಿಟ್ಟರು. ಬಿಡುಗಡೆಯಾದ ಮೇಲೆ ದೇಶ ಬಿಟ್ಟ ಅವರು ಕೊನೆಗೆ ಅಮೆರಿಕ ಸೇರಿ, 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಹಿಟ್ಲರನ ಯೋಜನೆಯ 'ಜನರ ಕಾರು' ವಿನ್ಯಾಸಗೊಳಿಸಿದವರು ಅದೇ ಫರ್ಡಿನಂಡ್ ಪೋರ್ಷೆ, ಯುದ್ಧಕಾಲದಲ್ಲಿ ಆ ಕಾರಿಗೆಂದು ಕಟ್ಟಿದ ಕಾರ್ಖಾನೆಯಲ್ಲಿ ದುಡಿದವರಲ್ಲಿ ಬಲವಂತದ ಕೂಲಿಗಳು ಸಾವಿರಾರು ಮಂದಿ.

ಎಂಜಿನ್ ಕೈಪಿಡಿಯಲ್ಲಿ ಇದೆಲ್ಲ ಯಾಕೆ ಎಂದು ಕೇಳಬಹುದು. ನಿಜ, ವಾಲ್ವಿನ ಸಂದು ಅಳೆಯಲು ಇದು ಬೇಕಾಗಿಲ್ಲ. ಆದರೆ ಕಾರಿನ ಹುಟ್ಟಿನ ಕಥೆಯನ್ನು ಮಮತೆಯಿಂದ ಹೇಳುವ ಕೈಪಿಡಿಗಳನ್ನೂ ಪ್ರಶಸ್ತಿ ಗ್ರಂಥಗಳನ್ನೂ ನೋಡಿದ್ದೇನೆ. ಅವುಗಳಲ್ಲಿ ನನಗೆ ಈ ಹೆಸರು ಕಾಣಲಿಲ್ಲ. ಬೇರಿಂಗ್ ಒಡೆದ ಎಂಜಿನ್ನನ್ನು ಹೊಸದಾಗಿ ಜೋಡಿಸಿದರೂ, ದೂರದ ಆಯಿಲ್ ಕೂಲರನ್ನೂ ಪೈಪುಗಳನ್ನೂ ತೊಳೆಯದೆ ಬಿಟ್ಟರೆ, ಅಲ್ಲಿ ಅಡಗಿದ ಹಳೆಯ ಲೋಹದ ಚೂರು ಹೊಸ ಬೇರಿಂಗನ್ನು ತಿನ್ನುತ್ತದೆ. ಪ್ರತಿ ಅನುಭವಿಯೂ ಇದನ್ನು ಎಚ್ಚರಿಸುತ್ತಾನೆ. ಇತಿಹಾಸದ ವಿಷಯದಲ್ಲೂ ಅದೇ ಎಚ್ಚರ ಇರಬಾರದೇ? ಹುಟ್ಟಿನ ಕಾರಣಕ್ಕೆ ಪಾಲುದಾರನೊಬ್ಬ ಪರಕೀಯನಾದ ಕಥೆಯನ್ನು ಜರ್ಮನಿಯ ಹಳೆಯ ಕಥೆಯೆಂದು ಓದಿ ಮುಗಿಸಲು ಇಂದು ನಮಗಂತೂ ಸಾಧ್ಯವಿಲ್ಲ.

ಎರಡನೆಯ ತಕರಾರು ಕೆಲಸಗಾರನದು. 'ಮನೆಯಲ್ಲೇ ಮಾಡಿದೆ' ಎಂಬ ಹೆಮ್ಮೆಯ ಒಳಗೆ ಇನ್ನೊಬ್ಬನಿದ್ದಾನೆ. ಕ್ರ್ಯಾಂಕನ್ನು ಗ್ರೈಂಡ್ ಮಾಡುವುದು, ಹೆಡ್ಡಿಗೆ ಹೊಸ ವಾಲ್ವ್ ಗೈಡ್ ಕೂರಿಸುವುದು, ಕಿತ್ತ ಸ್ಟಡ್ಡಿನ ತೂತಿಗೆ ಮರೆ ಹಾಕುವುದು, ಇವು ಯಾವುವೂ ಮನೆಯಲ್ಲಿ ಆಗುವ ಕೆಲಸಗಳಲ್ಲ. ಮೆಷಿನ್ ಶಾಪಿಗೆ ಕಳಿಸಬೇಕು. ಕೈಪಿಡಿಗಳ ವಾಕ್ಯರಚನೆ ಇಲ್ಲಿ ಬದಲಾಗುತ್ತದೆ. ಅಲ್ಲಿಯವರೆಗೆ 'ನೀವು' ಬಿಚ್ಚುತ್ತೀರಿ, 'ನೀವು' ತೊಳೆಯುತ್ತೀರಿ. ಇಲ್ಲಿ ಮಾತ್ರ ಭಾಗಗಳು ಕಳಿಸಲ್ಪಡುತ್ತವೆ, ಸರಿಯಾಗಿ ಮರಳುತ್ತವೆ. ನಡುವೆ ಲೇತಿನ ಮುಂದೆ ನಿಂತವನು ಕರ್ತೃಪದವಾಗುವುದಿಲ್ಲ. ಕ್ರಾಫರ್ಡ್ ಒಬ್ಬರು ಇದಕ್ಕೆ ಅಪವಾದ. ತನಗೆ ಕಲಿಸಿದ ಮೆಕ್ಯಾನಿಕರನ್ನು ಅವರು ಗುರುಗಳೆಂದೇ ಬರೆಯುತ್ತಾರೆ. ಆದರೂ ಅವರ ಕಥೆ ಆಯ್ಕೆ ಇದ್ದವನ ಕಥೆ. ಡಾಕ್ಟರೇಟ್ ಕೈಯಲ್ಲಿಟ್ಟುಕೊಂಡು ಗ್ರೀಸಿಗೆ ಕೈ ಹಾಕುವುದು ಬೇರೆ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಗ್ರೀಸಿಗೆ ಕೈ ಹಾಕುವುದು ಬೇರೆ.

ಈ ಎರಡನೆಯದು ನಮಗೆ ಚೆನ್ನಾಗಿ ಗೊತ್ತು. 'ಓದದಿದ್ದರೆ ಗ್ಯಾರೇಜಿಗೆ ಹಾಕುತ್ತೇನೆ' ಎಂಬ ಬೆದರಿಕೆ ಕೇಳದೆ ಬೆಳೆದ ಮುಸ್ಲಿಂ ಹುಡುಗರು ನಮ್ಮ ಓಣಿಗಳಲ್ಲಿ ಎಷ್ಟಿದ್ದಾರು? ಮಾಮು ಕೂಡ ಇದೇ ಮಾತನ್ನು ತಮ್ಮ ಮಕ್ಕಳಿಗೆ ಹೇಳುತ್ತಿದ್ದರು, ತಮ್ಮದೇ ಗ್ಯಾರೇಜಿನಲ್ಲಿ ನಿಂತು. 2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿ ದೇಶದ ಮುಸ್ಲಿಮರಲ್ಲಿ ಸಂಬಳದ ಕೆಲಸಕ್ಕಿಂತ ಸ್ವಂತ ದುಡಿಮೆಯನ್ನು ನೆಚ್ಚಿದವರ ಪ್ರಮಾಣ ಹೆಚ್ಚು ಎಂದು ದಾಖಲಿಸಿತು. ಆ ಅಂಕಿಗಳ ಹಿಂದೆ ಇರುವವರಲ್ಲಿ ವೆಲ್ಡಿಂಗ್, ಟಿಂಕರಿಂಗ್, ಪಂಕ್ಚರ್, ಎಂಜಿನ್ ಕೆಲಸದವರೂ ಇದ್ದಾರೆ. ಹುನರ್ ಎಂದು ನಾವು ಹೆಮ್ಮೆಯಿಂದ ಹೇಳುವ ಈ ಕೌಶಲ ಬಹಳ ಸಲ ಬಂದದ್ದು ಒಂದು ಮಗುವಿನ ಶಾಲೆಯ ಬೆಲೆಗೆ. ಹಾಗಾಗಿ ಕ್ರಾಫರ್ಡರ ಪುಸ್ತಕವನ್ನು ಹಿಡಿದುಕೊಂಡು ಗ್ಯಾರೇಜನ್ನು ಗುರುಕುಲವೆಂದು ಹಾಡಿ ಹೊಗಳಲು ನನಗೆ ಮನಸ್ಸಾಗುವುದಿಲ್ಲ. ಮಾಮು ಉಸ್ತಾದ್ ಆಗಿದ್ದರು ಎಂಬುದು ನಿಜ. ಅವರ ಕೈಕೆಳಗೆ ಹತ್ತು ಹನ್ನೊಂದು ವರ್ಷದ ಹುಡುಗರು ಡೀಸೆಲಿನಲ್ಲಿ ನಟ್ಟು ಬೋಲ್ಟು ತೊಳೆಯುತ್ತಿದ್ದರು ಎಂಬುದೂ ನಿಜ. ನಾನು ಸಂಜೆ ಪುಸ್ತಕದ ಚೀಲ ಎತ್ತಿಕೊಂಡು ಮನೆಗೆ ಹೋಗುತ್ತಿದ್ದೆ, ಅವರು ಹೋಗುತ್ತಿರಲಿಲ್ಲ.

ಆದರೆ ಇದಕ್ಕೆ ಪರಿಹಾರ ಆ ಕೆಲಸವನ್ನು ಕೀಳೆಂದು ಮಕ್ಕಳಿಗೆ ಹೇಳಿಕೊಡುವುದಲ್ಲ. ನಮ್ಮ ಕಥೆಗಳಲ್ಲಿ ಮೆಕ್ಯಾನಿಕ್ ಬರುತ್ತಾನೆ, ನನ್ನ ಕಥೆಗಳಲ್ಲೂ ಬಂದಿದ್ದಾನೆ. ಅವನ ಬಡತನ ಬರುತ್ತದೆ, ಅವನ ಪ್ರೇಮ ಬರುತ್ತದೆ, ಗಲಭೆಯಲ್ಲಿ ಸುಟ್ಟ ಅವನ ಅಂಗಡಿ ಬರುತ್ತದೆ. ಅವನು ಏನು ಬಲ್ಲ ಎಂಬುದು ಮಾತ್ರ ಬರುವುದಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಯಾವ ಬೇರಿಂಗ್ ಸದ್ದು ಮಾಡುತ್ತಿದೆ ಎಂದು ಮಾಮು ಹೇಳುತ್ತಿದ್ದ ಬ್ರಹ್ಮವಿದ್ಯೆಯನ್ನು ನಾನು ಒಂದು ಕಥೆಯಲ್ಲಿ 'ಅವನು ಎಂಜಿನ್ ನೋಡಿದ' ಎಂದು ಮೂರೇ ಪದಗಳಲ್ಲಿ ಮುಗಿಸಿದ್ದೇನೆ. ಡೆಂಪ್ಸಿಯ ಪುಸ್ತಕ ನನ್ನನ್ನು ಕುಟುಕಿದ್ದು ಇಲ್ಲಿ. ಸಾಹಿತಿಯಲ್ಲದ ಒಬ್ಬ, ಸಾಹಿತಿಯಾದ ನನಗಿಂತ ಹೆಚ್ಚು ಗೌರವದಿಂದ ಒಂದು ಕೆಲಸವನ್ನು ವಿವರಿಸಿದ್ದಾನೆ.

ಇತ್ತೀಚಿನ ಕಾರುಗಳ ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ ಮುಚ್ಚಳ. ರೋಗ ಹೇಳುವುದು ಸ್ಕ್ಯಾನರ್. ಆ ಸ್ಕ್ಯಾನರಿನ ಭಾಷೆ ಇಂಗ್ಲಿಷು. ಮಾಮುವಿನ ಪೀಳಿಗೆಯ ಕಿವಿಗೆ ಈಗ ಕೆಲಸ ಕಡಿಮೆ. ಮೈಸೂರಿನ ಆ ಬೈಕ್ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿಂದ ಬಂದ ಹಳೆಯ ಬೈಕುಗಳನ್ನು ಈಗ ಕಂಪ್ಯೂಟರ್ ಕಂಪನಿಗಳ ಹುಡುಗರು ಆಸೆಪಟ್ಟು ಕೊಂಡು, ಎಂಜಿನ್ ಬಿಚ್ಚಿ ಜೋಡಿಸಬಲ್ಲ ಮುದುಕರನ್ನು ಹುಡುಕಿಕೊಂಡು ಹೋಗುತ್ತಾರೆ. ಅಮೆರಿಕದಲ್ಲಿ ಆದದ್ದೇ ಸಣ್ಣ ಪ್ರಮಾಣದಲ್ಲಿ ಇಲ್ಲೂ ಆಗುತ್ತಿದೆ. ಒಂದೇ ವ್ಯತ್ಯಾಸವೆಂದರೆ ಅಲ್ಲಿ ಆ ಜ್ಞಾನ ಮ್ಯೂರರಿಂದ ಹಿಡಿದು ಡೆಂಪ್ಸಿಯವರೆಗೆ ಪುಸ್ತಕಗಳಲ್ಲಿದೆ. ಇಲ್ಲಿ ಅದು ಕೆಲವು ಮುದುಕರ ಕೈಗಳಲ್ಲಿದೆ.

ಮಾಮು ತೀರಿಕೊಂಡಿದ್ದಾರೆ. ಅವರ ಬಳಿ ತಯಾರಾದ ಇಬ್ಬರು ಶಾಗಿರ್ದರು ಈಗಲೂ ನಮ್ಮೂರಿನಲ್ಲಿ ಕೆಲಸ ಮಾಡುತ್ತಿದ್ದಾರೆ. ಕಳೆದ ತಿಂಗಳು ನೋಟ್‌ಬುಕ್ ಹಿಡಿದು ಅವರಲ್ಲೊಬ್ಬರ ಬಳಿ ಹೋಗಿ ಕೂತೆ. ಯೆಜ್ಡಿಯ ಎಂಜಿನ್ ಇಳಿಸುವುದರಿಂದ ಶುರು ಮಾಡಿ, ಅವರು ಹೇಳಿದಂತೆ, ಅವರದೇ ಮಾತಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಅವರು ದಕ್ಖನಿ ಉರ್ದುವಿನಲ್ಲಿ ಹೇಳುತ್ತಾರೆ, ನಾನು ಕನ್ನಡದಲ್ಲಿ ಬರೆಯುತ್ತೇನೆ. ನಾಲ್ಕು ಪುಟವಾಗಿದೆ. ಮೊದಲ ದಿನವೇ ನಾನು ಬರೆದದ್ದನ್ನು ಓದಿಸಿ ಕೇಳಿಸಿಕೊಂಡ ಅವರು ಒಂದು ಕಡೆ ತಡೆದರು. ಕಾರ್ಬುರೇಟರಿನ ಜೆಟ್ಟು ಸ್ವಚ್ಛವಾಗಿರಬೇಕು ಎಂದು ಬರೆದಿದ್ದೆ. "ಇರಬೇಕು ಅಂತ ಬರೀಬೇಡಿ ಭಾಯಿ," ಅಂದರು. "ಬೆಳಕಿಗೆ ಹಿಡಿದು ತೂತು ನೋಡಿ ಅಂತ ಬರೀರಿ."